ಒಂದು ಕೇಜಿ ತೊಂಬತ್ತು

ಸೊಹಾರಿನ ಆಗಸ್ಟು. ಕಡಲ ಕಡೆಯ ಗಾಳಿ
ಒದ್ದೆ ಟವಲಿನ ಹಾಗೆ ಮುಖಕ್ಕೆ ಅಂಟುತ್ತದೆ.
ಹಿತ್ತಿಲಲ್ಲಿ ಹನ್ನೊಂದು ಕೋಳಿ
ಕೊಕ್ಕು ತೆರೆದು ಏದುತ್ತ ನಿಂತಿವೆ.
ಹನ್ನೆರಡನೆಯದು ನಿಂತಿಲ್ಲ.

ನೀರಿನ ಟ್ಯಾಂಕಿನ ಹಿಂದೆ, ಎಸಿಯ ನೀರು ತೊಟ್ಟಿಕ್ಕುವಲ್ಲಿ
ರೆಕ್ಕೆ ಇಳಿಬಿಟ್ಟು, ಕಣ್ಣಿಗೆ ಆ ಬಿಳಿ ಪೊರೆ ಎಳೆದುಕೊಂಡು
ಕೂತಿತ್ತು. ಎತ್ತಿದೆ. ಅಯ್ಯೋ,
ಪುಕ್ಕವಷ್ಟೇ ಕೋಳಿ, ಒಳಗೆ ಯಾರೂ ಇಲ್ಲ.
ಎದೆಯ ಎಲುಬು ಕುಡುಗೋಲಿನ ಬೆನ್ನು.
ಜುಟ್ಟು, ನೂರು ಸಲ ಒಗೆದ ರವಿಕೆಯ ಕೆಂಪು.

ಅಡುಗೆಯ ಮೊತಾಲೆಬ್ ಬಾಗಿಲಿಗೊರಗಿ ನೋಡಿದ.
"ಇವತ್ತಾದರೆ ಸಾರಿಗಾದೀತು, ನಾಳೆ ಅದಕ್ಕೂ ಇಲ್ಲ"
ಎಂದ ತನ್ನ ನೋವಾಖಾಲಿಯ ಹಿಂದಿಯಲ್ಲಿ.
ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಊರಿಗೆ ಹೋಗಲೆಂದು ಎರಡು ವರ್ಷದ ಹಿಂದೆ ಕೊಂಡ
ಲಗೇಜು ತೂಗುವ ಕೊಕ್ಕೆ ತಕ್ಕಡಿ ಇತ್ತು ನನ್ನ ಬಳಿ.
ಮೂವತ್ತು ಕೇಜಿಗೆ ಒಂದಿಷ್ಟು ಮೀರಿದರೂ
ಕೌಂಟರಿನಲ್ಲಿ ಪೆಟ್ಟಿಗೆ ಬಿಚ್ಚಿಸುತ್ತಾರಲ್ಲ, ಅದಕ್ಕೆ.
ಆ ವರ್ಷ ಹೋಗಲಾಗಲಿಲ್ಲ.
ಅಂಗಡಿ ಚೀಲದಲ್ಲಿ ಕೋಳಿಯನ್ನು ಕೂರಿಸಿ, ತಲೆಯಷ್ಟು ಹೊರಗಿಟ್ಟು
ಕೊಕ್ಕೆಗೆ ಹಾಕಿದೆ: ಒಂದು ಕೇಜಿ ತೊಂಬತ್ತು.
ಟ್ಯಾಂಕಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದೆ.

ಹಿರೇಕೆರೂರಿನಿಂದ ಅಕ್ಕ ನೀಲವ್ವ, ವಿಡಿಯೋದಲ್ಲಿ:
"ಗಂಟಲ ಚೀಲ ಮುಟ್ಟಿ ನೋಡೋ, ಗಟ್ಟಿ ಐತೇನು?
ರೆಕ್ಕಿ ಬುಡಕ ಹೇನು ಅದಾವೇನು?
ಬೆಳ್ಳುಳ್ಳಿ ಜಜ್ಜಿ ಮಸರಿನಾಗ ಕಲಸಿ ಕೊಡು.
ಬಾಯಾಗ ತುರುಕಬ್ಯಾಡ ಮತ್ತ, ಉಸಿರಿನ ದಾರಿಗೆ ಹೋದೀತು."
ಆಮೇಲೆ, "ಫೋನು ತಿರುಗಿಸು.
ಕೋಳಿ ಅಲ್ಲೋ, ನಿನ್ನ ಮಾರಿ ತೋರಿಸು."
ನೆಟ್‌ವರ್ಕ್ ಇಲ್ಲ ಅಂದೆ.

ಹೇನಿದ್ದವು. ಶುಕ್ರವಾರ ಮಾಂಸ ಸುಟ್ಟ ಒಲೆಯ ಬೂದಿಯನ್ನು
ಜರಡಿ ಹಿಡಿದು ಪುಕ್ಕದ ಬುಡಬುಡಕ್ಕೆ ಉಜ್ಜಿದೆ.
ಖರ್ಜೂರದ ರಟ್ಟಿನ ಪೆಟ್ಟಿಗೆ ನನ್ನ ಮಂಚದ ಪಕ್ಕಕ್ಕೆ ಬಂತು.
ಬೇಯಿಸಿದ ಮೊಟ್ಟೆಯ ಹಳದಿಯನ್ನು
ಕೋಳಿಗೇ ತಿನ್ನಿಸುವಾಗ ನನಗೆ ನಾಚಿಕೆಯಾಯಿತು,
ಅದಕ್ಕೇನೂ ಅನಿಸಿದಂತಿರಲಿಲ್ಲ.
ಮನೆಯ ಹಿರಿಯಮ್ಮ ಝುವೈನಾ ಕೋಲೂರಿ ಬಂದು
"ಮಿಸ್ಕೀನ" ಎಂದಳು. ನನಗೋ ಕೋಳಿಗೋ ತಿಳಿಯಲಿಲ್ಲ.
ಮರುದಿನ ಕಾವಾ ಬಟ್ಟಲಿನಲ್ಲಿ ತುಪ್ಪ ಕಳಿಸಿದ್ದಳು.

ಮೂರನೆಯ ದಿನ, ಒಂದು ಅರವತ್ತು.
ಇಳಿಯಿತು.
ಆ ರಾತ್ರಿ ಸೂಜಿ ತೆಗೆದ ಸಿರಿಂಜಿನಿಂದ
ಉಪ್ಪು ಸಕ್ಕರೆಯ ನೀರು, ಕೊಕ್ಕಿನ ಅಂಚಿಗೆ, ಹನಿ.
ನುಂಗುವವರೆಗೆ ಕಾಯುವುದು. ಮತ್ತೆ ಹನಿ.
ಎಸಿ ಗೊರಕೆ ಹೊಡೆಯುತ್ತಿತ್ತು.
ಬೆಳಗಿನ ಬಾಂಗಿಗೆ ಮೊದಲು ಪೆಟ್ಟಿಗೆಯೊಳಗೆ ಪಿಚಕ್ಕೆಂದಿತು.
ಟಾರ್ಚು ಬಿಟ್ಟೆ. ಹಸಿರು ನೀರಲ್ಲ;
ಗಟ್ಟಿ, ದುಂಡಗೆ, ಮೇಲೊಂದು ಬಿಳಿ ಟೋಪಿ.
ಹಿಕ್ಕೆ ನೋಡಿ ಇಷ್ಟು ಹಿಗ್ಗಿದವನು
ಈ ಕರಾವಳಿಯಲ್ಲಿ ಇನ್ನೊಬ್ಬನಿರಲಾರ.
ಮೊತಾಲೆಬ್‌ನನ್ನು ಎಬ್ಬಿಸಿ ತೋರಿಸಿದೆ. ಬೈದ.

ಒಂದು ನೂರನಲವತ್ತು. ಒಂದು ಇನ್ನೂರ ಅರವತ್ತು.
ನಡುವೆ ನಾಲ್ಕು ದಿನ ಬರೆಯಲು ಮರೆತೆ.
ಒಂದು ನಾನೂರ ಎಂಬತ್ತು, ಗೋಡೆಯ ತುದಿ ಮುಟ್ಟಿತು.

ಅಮಾವಾಸ್ಯೆಯ ಕತ್ತಲಲ್ಲಿ ಗೂಡಿನ ಕೋಲಿನ ಮೇಲೆ
ಉಳಿದವುಗಳ ನಡುವೆ ತೂರಿಸಿ ಬಂದೆ,
ಬೆಳಗೆದ್ದು "ಇದು ಇಲ್ಲೇ ಇತ್ತು" ಅಂದುಕೊಳ್ಳಲೆಂದು.
ಅಂದುಕೊಳ್ಳಲಿಲ್ಲ. ಎರಡು ದಿನ ಕುಕ್ಕಿದವು.
ಮೂರನೆಯ ದಿನ ಇದು ತಿರುಗಿ ಕುಕ್ಕಿತು.

ಜುಟ್ಟು ಈಗ ಹಣ್ಣಾದ ಬ್ಯಾಡಗಿ.
ಮೊಟ್ಟೆ ಇನ್ನೂ ಇಟ್ಟಿಲ್ಲ, ಯಾರೂ ಕೇಳುತ್ತಲೂ ಇಲ್ಲ.
ಅಂಗೈಯ ಖರ್ಜೂರ ಕಸಿದು ಓಡುತ್ತದೆ,
ಪೆಟ್ಟಿಗೆ, ಟಾರ್ಚು, ಸಿರಿಂಜು
ಯಾವ ಜನ್ಮದ ಮಾತು ಎಂಬಂತೆ.

ನಿನ್ನೆ ತಕ್ಕಡಿಯನ್ನು ಒರೆಸಿಡುವಾಗ ಕಂಡೆ:
ಖಾಲಿ ಕೊಕ್ಕೆಗೂ ಅದು ನಲವತ್ತು ಗ್ರಾಮ್ ತೋರಿಸುತ್ತದೆ.
ಹಾಗಾದರೆ ಗೋಡೆಯ ಲೆಕ್ಕವೆಲ್ಲ
ನಲವತ್ತು ಗ್ರಾಮ್ ಸುಳ್ಳು.
ಇರಲಿ.